ಗಾಡಿ ಕೊಳ್ಳುವ ಮುನ್ನ ಹೇರಿನ ಲೆಕ್ಕ



ಸೋಲಾಪುರದಿಂದ ಅಕ್ಕಲಕೋಟೆಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಕುಂಭಾರಿ ಸಿಗುತ್ತದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದುತಾಯಿ ಪರುಳೇಕರ್ ಅವರ ಹೆಸರಿನಲ್ಲಿ ಇಲ್ಲಿ ಕಟ್ಟಿದ 10,000 ಮನೆಗಳನ್ನು 2006ರಲ್ಲಿ ಹಸ್ತಾಂತರಿಸಿದರು. ಆಮೇಲೆ 30,000 ಮನೆಗಳ ರೇ ನಗರ ಯೋಜನೆ ಬಂತು. ಅದರಲ್ಲಿ 15,000 ಮನೆಗಳು 2024ರ ಜನವರಿಯಲ್ಲಿ ಜನರ ಕೈ ಸೇರಿದವು. ಇಷ್ಟೊಂದು ಸಂಸಾರಗಳಿರುವ ಕಡೆ ಮಂಚ, ಕಪಾಟು, ಸಿಮೆಂಟು, ಮರಳು, ಬೀಡಿ ಎಲೆಯ ಚೀಲ ಎಂದು ಹೇರುವುದಕ್ಕೆ ಏನಾದರೊಂದು ಇದ್ದೇ ಇರುತ್ತದೆ. ಸುತ್ತಲಿನ ಹೊಲಗಳ ಉಳ್ಳಾಗಡ್ಡಿ ಸೋಲಾಪುರದ ಮಾರ್ಕೆಟ್ ಯಾರ್ಡಿಗೆ ಹೋಗಬೇಕು, ತೊಗರಿ ದುಧನಿಯ ಪೇಟೆಗೆ ಹೋಗಬೇಕು. ಹಾಗಾಗಿ ಇಲ್ಲಿಯ ಹುಡುಗರ ಕನಸಿನಲ್ಲಿ ಬರುವುದು ಕಾರಲ್ಲ, ಪಿಕಪ್ ಗಾಡಿ.

ಇತ್ತೀಚೆಗೆ ಅಲ್ಲಿ ಒಂದು ಮನೆಗೆ ಹೋಗಿದ್ದೆ. ತಾಯಿ ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಗ ಆರು ವರ್ಷಗಳಿಂದ ಬೇರೆಯವರ ಪಿಕಪ್ ಓಡಿಸುತ್ತಾನೆ. ಈಗ ಸ್ವಂತ ಗಾಡಿ ಬೇಕೆಂಬ ಹಂಬಲ. 1.3 ಟನ್ ಹೊರುವ ಒಂದು ಹಳೆಯ ಗಾಡಿಯನ್ನು ನೋಡಿಟ್ಟು ಬಂದಿದ್ದ. ಮುಂಗಡಕ್ಕೆ ತಾಯಿಯ ಎರಡು ಬಂಗಾರದ ಪಾಟಲಿ ಒತ್ತೆ ಇಡಬೇಕು.

"ಫಾದರ್, ನೀವಾದ್ರೂ ಒಂದ್ ಮಾತು ಹೇಳ್ರಿ ಇವಗ. ಸಾಲ ತೀರೋತನಕ ಆ ಗಾಡಿ ತಡೀತದೇನ್ರಿ?" ಎಂದು ತಾಯಿ ಕೇಳಿದರು.

ಮಗನಿಗೆ ಸಿಟ್ಟು ಬಂತು. "ತಡೀಲಾರದೇನು? ಎಲ್ಲಾರೂ ಅದರಾಗ ಎರಡ ಟನ್ ಹೇರ್ತಾರ್ರಿ ಫಾದರ್. ಒಂದ್ ಪಾಟಾ ಜಾಸ್ತಿ ಕೂಡಿಸಿದ್ರ ಮುಗೀತು."

ತಾಯಿಯ ಪ್ರಶ್ನೆಗೆ ಉತ್ತರ ಮಗನ ಮಾತಿನಲ್ಲೇ ಇತ್ತು. ಗಾಡಿ ಎಷ್ಟು ವರ್ಷ ಬಾಳುತ್ತದೆ ಎಂಬುದು ಅದರ ಹೆಸರಿಗಿಂತ ಹೆಚ್ಚಾಗಿ ನಾವು ಅದರ ಮೇಲೆ ಏನು ಹೇರುತ್ತೇವೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಮೊದಲು ಹೇರಿನ ಲೆಕ್ಕ, ಆಮೇಲೆ ಗಾಡಿಯ ಆಯ್ಕೆ. ನಾವು ಮೂವರೂ ಕುಳಿತು ಅಂದು ಮಾಡಿದ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಮಗನೊಬ್ಬ ಇರಬಹುದು.

ಪ್ರತಿ ಗಾಡಿಯ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಹೇರು ಸಮೇತ ಒಟ್ಟು ತೂಕ. ಒಟ್ಟು ತೂಕ 2990 ಕಿಲೋ, ಖಾಲಿ ತೂಕ 1700 ಕಿಲೋ ಎಂದಿಟ್ಟುಕೊಳ್ಳಿ. ಉಳಿಯುವುದು 1290. ಆದರೆ ಅದೆಲ್ಲವೂ ಮಾಲಿಗೆ ಸಿಗುವುದಿಲ್ಲ. ಚಾಲಕ ಮತ್ತು ಇಬ್ಬರು ಹಮಾಲರು ಸೇರಿ 200 ಕಿಲೋ, ಹಿಂದೆ ಕಟ್ಟಿಸಿದ ಕಬ್ಬಿಣದ ಜಾಲಿ 100, ತಾಡಪತ್ರಿ, ಹಗ್ಗ ಮುಂತಾದ ಸಾಮಾನು ಎಂದು 40. ಕಳೆದರೆ ಉಳಿಯುವುದು 950 ಕಿಲೋ. 50 ಕಿಲೋದ ಉಳ್ಳಾಗಡ್ಡಿ ಚೀಲವಾದರೆ 19 ಚೀಲ.

"ನೀನು ದಿನಾ ಎಷ್ಟು ಚೀಲ ಹೇರುತ್ತೀಯಪ್ಪಾ?" ಎಂದು ಕೇಳಿದೆ.

"ಮೂವತ್ತಕ್ಕ ಕಡಿಮಿ ಇಲ್ರಿ" ಎಂದ. ಹೇಳಿದ ಮೇಲೆ ತಾನೇ ಸುಮ್ಮನಾದ.

ಮರಳಿನ ಲೆಕ್ಕ ಇನ್ನೂ ಮೋಸದ್ದು. ಒಂದು ಬ್ರಾಸ್ ಎಂದರೆ 100 ಘನ ಅಡಿ. ಒಣ ಮರಳಾದರೂ ಸುಮಾರು ನಾಲ್ಕೂವರೆ ಟನ್ ತೂಗುತ್ತದೆ, ಹಸಿಯಾಗಿದ್ದರೆ ಇನ್ನೂ ಹೆಚ್ಚು. ಅರ್ಧ ಬ್ರಾಸ್ ಹಾಕಿದರೂ ಎರಡು ಟನ್ ದಾಟಿತು. ಕಣ್ಣಿಗೆ ಮಾತ್ರ ಗಾಡಿ ಅರ್ಧ ಖಾಲಿ ಇದ್ದಂತೆಯೇ ಕಾಣುತ್ತದೆ. ಚಾದರದ ಗಂಟು, ಬೀಡಿ ಎಲೆಯ ಚೀಲ, ಪ್ಲಾಸ್ಟಿಕ್ ಸಾಮಾನು ಇದಕ್ಕೆ ತದ್ವಿರುದ್ಧ. ಅಲ್ಲಿ ತೂಕಕ್ಕಿಂತ ಮೊದಲು ಜಾಗ ತುಂಬುತ್ತದೆ. ಅಂಥ ಮಾಲು ಹೇರುವವರು ಟನ್ನಿಗಿಂತ ಡಬ್ಬದ ಉದ್ದವನ್ನು ನೋಡಬೇಕು.

ಹೆಚ್ಚುವರಿ ಪಾಟಾದ ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಪಾಟಾ ಕೂಡಿಸಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ಅಷ್ಟೇ. ಬ್ರೇಕು, ಎಕ್ಸೆಲ್, ಬೇರಿಂಗು, ಕ್ಲಚ್ಚು, ಟೈರು ಎಲ್ಲವೂ ಹಳೆಯವೇ. ಟೈರಿನ ಬದಿಯಲ್ಲಿ ಅದು ಎಷ್ಟು ಹೊರಬಲ್ಲದು ಎಂಬುದನ್ನು ಅಚ್ಚು ಹಾಕಿರುತ್ತಾರೆ. ಪಾಟಾ ಹಾಕಿಸಿದ ಮಾತ್ರಕ್ಕೆ ಆ ಅಂಕಿ ಬದಲಾಗದು. ಸೋಲಾಪುರದ ಬಿಸಿಲಿನಲ್ಲಿ ಕಾದ ಡಾಂಬರಿನ ಮೇಲೆ ಮಿತಿ ಮೀರಿದ ಹೇರಿನೊಂದಿಗೆ ಓಡುವ ಟೈರು ಸಿಡಿದರೆ ಅದು ಟೈರಿನ ತಪ್ಪಲ್ಲ. ತುಳಜಾಪುರದ ಘಾಟ್ ಇಳಿಯುವಾಗ ಬ್ರೇಕು ಕಾದು ಹಿಡಿಯದೆ ಹೋದರೆ ಅದು ವಿಧಿಯೂ ಅಲ್ಲ.

ಇನ್ನು ಯಾವ ಗಾಡಿ? 2005ರಲ್ಲಿ ಟಾಟಾ ಏಸ್ ಬಂದಾಗ ಜನ ಅದಕ್ಕೆ ಪ್ರೀತಿಯಿಂದ 'ಛೋಟಾ ಹಾಥಿ' ಎಂದರು. ಓಣಿಯೊಳಗೆ ನುಗ್ಗಲು, ಮುಕ್ಕಾಲು ಟನ್ನಿನ ಒಳಗಿನ ಮಾಲಿಗೆ ಇಂಥ ಸಣ್ಣ ಗಾಡಿಯೇ ಲೇಸು. ಅದರ ಮೇಲಿನ ಮೆಟ್ಟಿಲಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್, ಟಾಟಾ ಇಂಟ್ರಾದಂಥವು ಇವೆ. ಅವುಗಳ ಮಾದರಿಯಂತೆ ಒಂದರಿಂದ 1.7 ಟನ್. ದಿನಾ ಭಾರ ಹೊರುವವರಿಗೆ ಮಹೀಂದ್ರ ಬೊಲೆರೊ ಪಿಕಪ್ಪಿನ 1.7 ಟನ್ ಮಾದರಿ, ಟಾಟಾ ಯೋಧಾ ಇವೆ. 2022ರಲ್ಲಿ ಬಂದ ಯೋಧಾ 2.0 ಮತ್ತು ಮರುವರ್ಷದ ಬೊಲೆರೊ ಮ್ಯಾಕ್ಸ್ ಎಚ್‌ಡಿ 2.0 ಎರಡು ಟನ್ ಹೊರುತ್ತವೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ನಾನು ಹೇಳಲಾರೆ. ನಿಮ್ಮ ಊರಿನ ಮೇಸ್ತ್ರಿ ಯಾವ ಗಾಡಿಯನ್ನು ಬಿಚ್ಚಿ ಕೂಡಿಸಬಲ್ಲ, ಬಿಡಿಭಾಗ ಅದೇ ದಿನ ಎಲ್ಲಿ ಸಿಗುತ್ತದೆ ಎಂದು ಕೇಳಿ ನೋಡಿ. ದುಡಿಯುವ ಗಾಡಿ ಎಂಟು ದಿನ ಗ್ಯಾರೇಜಿನಲ್ಲಿ ನಿಂತರೂ ಹಪ್ತಾ ನಿಲ್ಲುವುದಿಲ್ಲ.

ಡೀಸೆಲ್ ಕೊಳ್ಳುವವರಿಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳೆಲ್ಲ ಬಿಎಸ್-6. ಈ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಆ ಮಸಿ ತಾನಾಗಿ ಸುಟ್ಟು ಹೋಗುತ್ತದೆ. ದಿನವಿಡೀ ಓಣಿಯಲ್ಲಿ ನಿಂತು ನಿಂತು ಓಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಪೆಟ್ರೋಲ್ ಅಥವಾ ಸಿಎನ್‌ಜಿ ಗಾಡಿ ಹೊಂದೀತು. ಆದರೆ ಸಿಎನ್‌ಜಿ ಸಿಲಿಂಡರಿಗೂ ತೂಕವಿದೆ ಎಂಬುದನ್ನು ಮರೆಯಬಾರದು.

ಕಾಗದಪತ್ರದ ಲೆಕ್ಕವೂ ತೂಕದ್ದೇ. ಒಟ್ಟು ತೂಕ 3000 ಕಿಲೋ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ. ಮೀರಿದರೆ ಬೇಕು. ಆಳಂದ, ಇಂಡಿ, ಕಲಬುರಗಿ ಎಂದು ಗಡಿ ದಾಟುವವರು ನ್ಯಾಷನಲ್ ಪರ್ಮಿಟ್ಟಿನ ಖರ್ಚನ್ನೂ ಮೊದಲೇ ಹಿಡಿಯಬೇಕು. ಚಾಲಕರಿಗೊಂದು ಸಮಾಧಾನವಿದೆ. ಒಟ್ಟು ತೂಕ 7500 ಕಿಲೋ ಮೀರದ ಸರಕು ಗಾಡಿಯನ್ನು ಸಾಮಾನ್ಯ ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಮಿತಿ ಮೀರಿ ಹೇರಿದವರಿಗೆ 2019ರ ತಿದ್ದುಪಡಿ ಗೊತ್ತುಮಾಡಿದ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಹಬ್ಬಕ್ಕೆ, ಮದುವೆಗೆ, ಜಾತ್ರೆಗೆ ಪಿಕಪ್ಪಿನ ಹಿಂದೆ ಮೂವತ್ತು ಜನರನ್ನು ನಿಲ್ಲಿಸಿಕೊಂಡು ಬರುವ ರೂಢಿ ನಮ್ಮಲ್ಲೂ ಇದೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಬಂದವರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಮಾಲಿನ ಜೊತೆ ಬರುವ ಮಾಲೀಕನ ಮಾತು ಬೇರೆ. ಉಳಿದವರಿಗೆ ಏನಾದರೂ ಆದರೆ ಪರಿಹಾರದ ಹೊರೆ ಗಾಡಿಯ ಒಡೆಯನ ತಲೆಗೇ ಬರುತ್ತದೆ. ನಮ್ಮ ಹಬ್ಬಗಳಿಗೆ ಹೀಗೆ ಬಂದವರನ್ನು ಕಂಡು ನಾನೂ ಸುಮ್ಮನಿದ್ದೇನೆ. ಇನ್ನು ಸುಮ್ಮನಿರಬಾರದು ಎಂದುಕೊಂಡಿದ್ದೇನೆ.

ಹಳೆಯ ಗಾಡಿ ಕೊಳ್ಳಲೇಬಾರದೆಂದಲ್ಲ. ನಾನು ಹಿಂದೆ ಇದ್ದ ಊರಿನಲ್ಲಿ ಒಬ್ಬರು ಫಳಫಳ ಹೊಳೆಯುವ ಹಳೆಯ ಪಿಕಪ್ ತಂದರು. ಹೂಮಾಲೆ ಹಾಕಿ ಕರೆದರು. ನಾನೂ ಹೋಗಿ ತೀರ್ಥ ಚಿಮುಕಿಸಿ ಆಶೀರ್ವದಿಸಿದೆ. ನಾಲ್ಕೇ ತಿಂಗಳಿಗೆ ಚಾಸಿ ಬಿರುಕು ಬಿಟ್ಟಿತು. ಹೊಸ ಬಣ್ಣದ ಕೆಳಗೆ ಹಳೆಯ ವೆಲ್ಡಿಂಗ್ ಇತ್ತು. ಅಂದಿನಿಂದ ಆಶೀರ್ವಾದಕ್ಕೆ ಮೊದಲು ನಾನೇ ಬಗ್ಗಿ ಗಾಡಿಯ ಅಡಿಯನ್ನು ನೋಡುತ್ತೇನೆ. ಜನ ನಗುತ್ತಾರೆ, ನಗಲಿ. ನೀವು ಮೇಸ್ತ್ರಿಯನ್ನು ಕರೆದೊಯ್ದು ಚಾಸಿ, ಪಾಟಾ, ಎಕ್ಸೆಲ್ ನೋಡಿಸಿ. ಹೇರು ಹಾಕಿಯೇ ಓಡಿಸಿ ನೋಡಿ. ಫಿಟ್ನೆಸ್, ವಿಮೆ, ಹಿಂದಿನ ಸಾಲ ತೀರಿದ ಪತ್ರ ಕೈಗೆ ಬರದೆ ಹಣ ಕೊಡಬೇಡಿ.

ಕಡೆಗೆ ಹಪ್ತಾದ ಲೆಕ್ಕ. 8 ಲಕ್ಷ ಸಾಲ, ಶೇಕಡಾ 11 ಬಡ್ಡಿ, 5 ವರ್ಷ ಎಂದರೆ ತಿಂಗಳಿಗೆ ಸುಮಾರು 17,400 ರೂಪಾಯಿ. ತಿಂಗಳಿಗೆ 26 ದಿನ ದುಡಿದರೆ ದಿನಕ್ಕೆ 670. ಡೀಸೆಲ್, ಹಮಾಲಿ, ಟೈರು, ವಿಮೆ ಇದರ ಹೊರಗೆ. ತಾಯಿ ಬೀಡಿ ಕಟ್ಟುತ್ತಲೇ ಎಲ್ಲ ಕೇಳಿಸಿಕೊಂಡರು. ಸಾವಿರದ ಲೆಕ್ಕದಲ್ಲಿ ಬೀಡಿ ಎಣಿಸಿ ಬದುಕಿದವರು ಅವರು.

"ಸಣ್ಣ ಗಾಡಿ ತಗೊಂಡು ದೊಡ್ಡ ಗಾಡಿ ಹೇರು ಹಾಕಿದ್ರ ಎರಡೂ ಕಡಿ ಲುಕ್ಸಾನ ಅಲ್ಲೇನ್ರಿ?" ಎಂದರು.

ನಾನು ಹೇಳಬೇಕೆಂದಿದ್ದೂ ಅದನ್ನೇ. ಹುಡುಗ ಒಂದು ತಿಂಗಳು ತಡೆಯಲು ಒಪ್ಪಿದ. ಈಗ ಓಡಿಸುವ ಗಾಡಿಯನ್ನೇ ದಿನವೂ ಕಾಟಾದ ಮೇಲೆ ನಿಲ್ಲಿಸಿ, ಚೀಟಿಗಳನ್ನು ಜೋಡಿಸಿಡುತ್ತಿದ್ದಾನೆ. ಬಾಡಿಗೆ ಎಷ್ಟು ಬಂತು, ಮರಳಿ ಬರುವಾಗ ಗಾಡಿ ಎಷ್ಟು ದಿನ ಖಾಲಿ ಬಂತು ಎಂದೂ ಬರೆಯುತ್ತಿದ್ದಾನೆ. ಚೀಟಿಗಳು 1.7 ಟನ್ನಿನ ಗಾಡಿ ಬೇಕೆಂದರೆ ಅದನ್ನೇ ಕೊಳ್ಳಲಿ. ಅಷ್ಟು ಹಪ್ತಾ ಹುಟ್ಟುವುದಿಲ್ಲ ಎಂದರೆ ಸಣ್ಣ ಗಾಡಿ ಕೊಂಡು 19 ಚೀಲವನ್ನೇ ಹೇರಲಿ. ಅದುವರೆಗೆ ಪಾಟಲಿಗಳು ತಾಯಿಯ ಕೈಯಲ್ಲೇ ಇರಲಿ.