ಕಣ್ಣಿನ ಜೊತೆ ಚರ್ಮವನ್ನೂ ಕೊಡೋಣ



ನಮ್ಮ ದೇಶದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ಗುರಿಯಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋರುವ ಗ್ಯಾಸು, ಸೀಮೆಎಣ್ಣೆ ಸ್ಟೌ, ದೀಪಾವಳಿಯ ಪಟಾಕಿ, ಬಚ್ಚಲ ಹಂಡೆಯ ಕುದಿನೀರು. ಬೆಂಕಿ ಆರಿತು, ಜೀವ ಉಳಿಯಿತು ಎಂದು ಮನೆಯವರು ಸಮಾಧಾನಪಟ್ಟುಕೊಂಡ ಮೇಲೂ, ವಾರ ಹತ್ತು ದಿನದಲ್ಲಿ ರೋಗಿ ಕೈಬಿಟ್ಟುಹೋಗುವುದುಂಟು. ಕಾರಣ ನಂಜು.

ಚರ್ಮ ಬರೀ ಹೊದಿಕೆಯಲ್ಲ. ವಯಸ್ಕರೊಬ್ಬರ ಚರ್ಮದಲ್ಲಿ ಸುಮಾರು 2,000 ಕೋಟಿ ಟಿ ಕೋಶಗಳೆಂಬ ರಕ್ಷಕ ಕೋಶಗಳಿರುತ್ತವೆ. ರಕ್ತದಲ್ಲಿ ಹರಿದಾಡುವುದಕ್ಕಿಂತ ಇದು ಹೆಚ್ಚು. ರೋಗಾಣುವನ್ನು ಗುರುತಿಸಿ, ಉಳಿದ ಕೋಶಗಳನ್ನು ಕರೆದು, ಹೋರಾಟಕ್ಕೆ ಹಚ್ಚುವವು ಇವೇ. ಚರ್ಮ ಸುಟ್ಟಾಗ ಅಲ್ಲಿದ್ದವೂ ಸುಡುತ್ತವೆ. ಗಾಯ ದೊಡ್ಡದಾಗಿದ್ದರೆ ರಕ್ತದಲ್ಲಿರುವ ಟಿ ಕೋಶಗಳ ಸಂಖ್ಯೆಯೂ ಇಳಿಯುತ್ತದೆ. ಉಳಿದವು ಇಂಟರ್‌ಲ್ಯೂಕಿನ್-2, ಇಂಟರ್‌ಫೆರಾನ್ ಗಾಮಾದಂಥ ಸಂದೇಶ ರಾಸಾಯನಿಕಗಳನ್ನು ಮೊದಲಿನಷ್ಟು ಹೊರಬಿಡುವುದಿಲ್ಲ. ಇತ್ತ ಹೋರಾಟಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳ ಕೈ ಮೇಲಾಗುತ್ತದೆ. ಮೈಯೆಲ್ಲ ಉರಿಯೂತದಲ್ಲಿ ಬೇಯುತ್ತಿರುವಾಗಲೇ ಕಾವಲು ಸಡಿಲಾಗುತ್ತದೆ. ಸುಟ್ಟವರನ್ನು ನೋಡಲು ಗುಂಪುಗುಂಪಾಗಿ ವಾರ್ಡಿಗೆ ನುಗ್ಗಬೇಡಿ ಎಂದು ನರ್ಸುಗಳು ಗದರುವುದು ಇದಕ್ಕೇ. ದಯವಿಟ್ಟು ಅವರ ಮಾತು ಕೇಳಿ.

ಟಿ ಕೋಶಗಳಿಗೆ ಇನ್ನೊಂದು ಕೆಲಸವೂ ಇದೆ. ಪರರ ಅಂಗಾಂಶವನ್ನು ಅವು ಸಹಿಸುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋ ನಗರದಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಮತ್ತು ಜೀವವಿಜ್ಞಾನಿ ಪೀಟರ್ ಮೆಡಾವರ್, ಸುಟ್ಟಗಾಯವಾಗಿದ್ದ ಯುವತಿಯೊಬ್ಬಳಿಗೆ ಅವಳ ಸೋದರನ ಚರ್ಮದ ತುಣುಕುಗಳನ್ನು ಹಚ್ಚಿದರು. ಅವು ಕೆಲಕಾಲ ನಿಂತು ನಾಶವಾದವು. ಮತ್ತೆ ಹಚ್ಚಿದವು ಇನ್ನೂ ಬೇಗ ನಾಶವಾದವು. ದೇಹ ಮೊದಲ ಸಲದ್ದನ್ನು ನೆನಪಿಟ್ಟುಕೊಂಡಿತ್ತು. 1943ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಟಿ ಕೋಶದ ಹೆಸರೇ ಹುಟ್ಟಿರಲಿಲ್ಲ. ಮೆಡಾವರ್‌ಗೆ 1960ರಲ್ಲಿ ನೊಬೆಲ್ ಬಂತು.

ನನ್ನ ಮನವಿಯ ತಿರುಳು ಇಲ್ಲಿದೆ. ಆರೋಗ್ಯವಂತರ ಮೈಗೆ ಹಚ್ಚಿದ ಪರರ ಚರ್ಮ ಸಾಮಾನ್ಯವಾಗಿ ಎರಡು ವಾರದೊಳಗೆ ಕಳಚುತ್ತದೆ. ಮೈ ಬಹಳಷ್ಟು ಸುಟ್ಟವರಲ್ಲಿ ಟಿ ಕೋಶಗಳು ಸೊರಗಿರುವುದರಿಂದ ಅದೇ ಚರ್ಮ ಇನ್ನಷ್ಟು ದಿನ ನಿಲ್ಲುತ್ತದೆ. ನಂಜಿಗೆ ಬಾಗಿಲು ತೆರೆದ ದೌರ್ಬಲ್ಯವೇ ದಾನಿಯ ಚರ್ಮಕ್ಕೂ ಜಾಗ ಕೊಡುತ್ತದೆ. ಅದು ಶಾಶ್ವತವಲ್ಲ, ಆದರೆ ಅಷ್ಟು ದಿನ ಗಾಯ ಮುಚ್ಚಿರುತ್ತದೆ, ನೀರು ಮತ್ತು ಪ್ರೋಟೀನು ಸೋರುವುದು ತಗ್ಗುತ್ತದೆ, ಡ್ರೆಸಿಂಗ್ ಬಿಚ್ಚುವಾಗಿನ ಪ್ರಾಣ ಹಿಂಡುವ ನೋವು ಇಳಿಯುತ್ತದೆ. ಅಷ್ಟರಲ್ಲಿ ರೋಗಿಯ ಸ್ವಂತ ಚರ್ಮವನ್ನು ಕಸಿ ಮಾಡಲು ವೈದ್ಯರಿಗೆ ಕಾಲಾವಕಾಶ ಸಿಗುತ್ತದೆ. ಮೈಯ ಅರ್ಧಕ್ಕರ್ಧ ಸುಟ್ಟ ಮಗುವಿಗೆ ಆ ಕಾಲಾವಕಾಶವೇ ಜೀವ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ಆದರೆ ಚರ್ಮದಾನ ಎಂದರೆ ಜನ ಇವತ್ತಿಗೂ ಬೆಚ್ಚುತ್ತಾರೆ. ಹೆಣವನ್ನು ಸುಲಿಯುತ್ತಾರೆ ಎಂಬ ಭಯ ಬೇಡ. ತೊಡೆ, ಕಾಲು, ಬೆನ್ನಿನಿಂದ ಈರುಳ್ಳಿ ಸಿಪ್ಪೆಯಂಥ ತೆಳು ಪದರವನ್ನಷ್ಟೇ ತೆಗೆದು ಬ್ಯಾಂಡೇಜ್ ಸುತ್ತುತ್ತಾರೆ. ಮುಖ ಮುಟ್ಟುವುದಿಲ್ಲ. ರಕ್ತ ಹರಿಯುವುದಿಲ್ಲ. ಮುಕ್ಕಾಲು ಗಂಟೆಯ ಕೆಲಸ, ಅಂತ್ಯಕ್ರಿಯೆಗೆ ಯಾವ ಅಡ್ಡಿಯೂ ಇಲ್ಲ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಗ್ಲಿಸರಾಲ್‌ನಲ್ಲಿ ತಂಪಾಗಿಟ್ಟ ಚರ್ಮ ವರ್ಷಗಟ್ಟಲೆ ಉಳಿಯುತ್ತದೆ. 18 ದಾಟಿದವರು ಕೊಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಚರ್ಮದ ಕ್ಯಾನ್ಸರ್ ಅಥವಾ ಸೋಂಕು ಇದ್ದವರಿಂದ ಪಡೆಯುವುದಿಲ್ಲ.

ಡಾ. ರಾಜಕುಮಾರ್ ಕಣ್ಣು ಕೊಟ್ಟು ಹೋದರು. 2021ರಲ್ಲಿ ಅವರ ಮಗ ಪುನೀತ್ ಕಣ್ಣು ನಾಲ್ವರಿಗೆ ಬೆಳಕಾದ ಮೇಲೆ ಕಣ್ಣು ಕೊಡುತ್ತೇವೆಂದು ಹೆಸರು ಬರೆಸಲು ಸಾಲುಗಟ್ಟಿದ ಜನ ನಾವು. ಕಣ್ಣು ಕೊಡುವವರು ಚರ್ಮವನ್ನೂ ಕೊಡಬಹುದು.

ಸಾವಾದ 6 ಗಂಟೆಯೊಳಗೆ ಚರ್ಮ ತೆಗೆಯಬೇಕು. ಆ ಹೊತ್ತಿನಲ್ಲಿ ಬ್ಯಾಂಕಿಗೆ ಫೋನ್ ಮಾಡಬೇಕಾದವರು ನಿಮ್ಮ ಮನೆಯವರು. ನಿಮ್ಮ ಇಚ್ಛೆ ಅವರಿಗೆ ತಿಳಿದಿರಲಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಡಿ.