ಬಾರಿನ ಹನಿಗೆ ಲೆಕ್ಕ ಐತಿ, ಕೇರಿಯ ಪಾಕೀಟಿಗೆ ಯಾಕಿಲ್ಲ?



ಹೋದ ವಾರ ಸಹೋದ್ಯೋಗಿಯೊಬ್ಬರ ನಿವೃತ್ತಿ ಪಾರ್ಟಿ ಅಂತ ಹುಬ್ಬಳ್ಳಿಯ ಒಂದು ಬಾರಿಗೆ ಹೋಗಿದ್ದೆ. ನಾನು ಕುಡಿಯಲ್ಲ, ಸೋಡಾ ಹಿಡಕೊಂಡು ಕೂತಿದ್ದೆ. ಕೌಂಟರಿನಲ್ಲಿ ಬಾಟಲಿಗಳನ್ನ ತಲೆಕೆಳಗ ಸಿಗಿಸಿದ್ರು, ಒಂದೊಂದರ ಬಾಯಿಗೂ ಒಂದು ಯಂತ್ರ. ಗುಂಡಿ ಒತ್ತಿದರೆ ಬರೋಬ್ಬರಿ 30 ಎಂ.ಎಲ್. ಬೀಳತೈತಿ, ಆಗಲೇ ಕಂಪ್ಯೂಟರಿನಾಗ ಏರತೈತಿ. ಸಪ್ಲೈ ಮಾಡೋ ಹುಡುಗ ನಮ್ಮ ಪೈಕಿನೇ. "ಅಣ್ಣಾರ, ಮಷೀನಿಗೂ ಬಿಲ್ಲಿಗೂ ಒಂದು ಪೆಗ್ ಫರಕ್ ಬಂದ್ರ ನಮ್ಮ ಪಗಾರದಾಗ ಹಿಡೀತಾರ್ರೀ" ಅಂದ.

ಗುಡಗೇರಿಗೆ ವಾಪಸ್ ಬರೋ ತನಕ ಅದೇ ಮಾತು ತಲೆಯಾಗ ಕೊರೀತಿತ್ತು. ಮಾಲೀಕನ ಒಂದು ಹನಿ ಸೋರಿದರೆ ಬಡ ಹುಡುಗ ಕಳ್ಳ. ಅದೇ ನಮ್ಮ ಕಡೆ ಹಳ್ಳಿಗಳಲ್ಲಿ ಬೆಳಿಗ್ಗೆ ಆರಕ್ಕೇ ಕಿರಾಣಿ ಅಂಗಡಿ, ಪಾನ್ ಡಬ್ಬಿಯೊಳಗ 90 ಎಂ.ಎಲ್. ಪಾಕೀಟು ಎಂ.ಆರ್.ಪಿ. ಮೇಲೆ ರೊಕ್ಕ ಹಚ್ಚಿ ಮಾರ್ತಾರಲ್ಲ, ಅಲ್ಲಿ ಕಳ್ಳ ಯಾರು? ಆ ಪಾಕೀಟು ಆಕಾಶದಿಂದ ಉದುರಿತೇನು?

ನಾನೂ ಕಚೇರಿಯಲ್ಲಿ ರಿಜಿಸ್ಟರ್ ಬರೆಯೋ ಗುಮಾಸ್ತ. ಸರ್ಕಾರಕ್ಕೆ ಲೆಕ್ಕ ಬರಲ್ಲ ಅನ್ನೋದು ಸುಳ್ಳು. 2003ರಲ್ಲಿ ಪಾನೀಯ ನಿಗಮ ಮಾಡಿದರು. ಡಿಸ್ಟಿಲರಿಯ ಮಾಲು ನಿಗಮದ ಡಿಪೋಗೆ ಬಂದು, ಅಲ್ಲಿಂದಲೇ ಸನ್ನದು ಇದ್ದ ಅಂಗಡಿಗೆ ಬಿಲ್ ಆಗಿ ಹೋಗಬೇಕು. ಮುಚ್ಚಳದ ಮೇಲೆ ಅಬಕಾರಿ ಲೇಬಲ್ ಬೇರೆ. ಸುಂಕ ಕೈಗೆ ಬರೋ ತನಕ ಕಣ್ಣು ಚುರುಕು. ಅಂಗಡಿಯ ಹಿಂಬಾಗಿಲಿನಿಂದ ಪೆಟ್ಟಿಗೆ ಬೈಕ್ ಹತ್ತಿ ಕೇರಿಗೆ ಹೊರಟಿತೋ, ಆಗ ಕುರುಡು. ಯಾಕಂದ್ರ ಸರ್ಕಾರದ ಪಾಲು ಆಗಲೇ ಸಂದೈತಿ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಬೇಕಾದ ಅಧಿಕಾರಿ ಮಾರಾಟ ಕಡಿಮೆ ಮಾಡ್ತಾನೇನ್ರಿ?

2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆಯ್ತು. ನಮ್ಮ ಅವ್ವಂದಿರು ಉಸಿರು ಬಿಟ್ಟರು. ಆಮೇಲೆ? ಸಾರಾಯಿ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಮಕ್ಕಳು ಮದ್ಯ ನಿಷೇಧ ಆಗಲಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡಕೊಂಡೇ ಹೋದರು. ಅವರ ಹೆಜ್ಜೆ ಯಾವ ಯಂತ್ರ ಎಣಿಸಿತು?

ಇಷ್ಟಾದ ಮೇಲೂ ಮೇಲಿನ ಓಣಿಯವರ ಮಾತು ಒಂದೇ: "ನಿಮ್ಮ ಮಂದಿ ಕುಡದು ಹಾಳಾತು." ಸ್ವಾಮಿ, ಕುಡಿಯೋರು ಎಲ್ಲಾ ಓಣಿಯಲ್ಲೂ ಅದಾರ. ನಿಮ್ಮವರು ಎಸಿ ಬಾರಿನಾಗ ಅಳತೆ ಮಾಡಿ ಕುಡೀತಾರ. ನಮ್ಮವರ ಬಾಗಿಲಿಗೆ ಉದ್ರಿ ಮಾಲು ತಂದುಕೊಟ್ಟು, ಶನಿವಾರ ಕೂಲಿ ಬಂದ ಕೂಡಲೇ ವಸೂಲಿ ಮಾಡ್ತೀರಿ. ಹಂಗಂತ ನಮ್ಮ ಗಂಡಸರಿಗೆ ಮಾಫಿ ಇಲ್ಲ. ಹೆಂಡತಿಯ ಗೃಹಲಕ್ಷ್ಮಿ 2,000 ರೂಪಾಯಿ ಕಸಕೊಂಡು ಕುಡಿಯೋನು ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕೋಕೆ ಲಾಯಕ್ಕಲ್ಲ.

ನಾನು ಯಂತ್ರದ ವಿರೋಧಿ ಅಲ್ಲ. ಅದರ ಮುಖ ತಿರುಗಿಸಿ ಅಂತೀನಿ. ಕಿರಾಣಿ ಅಂಗಡಿಯಲ್ಲಿ ಪಾಕೀಟು ಸಿಕ್ಕರೆ ಅದು ಯಾವ ಸನ್ನದಿನ ಅಂಗಡಿಯಿಂದ ಬಂತು ಅನ್ನೋದು ಲೇಬಲ್ಲಿನಿಂದಲೇ ಗೊತ್ತಾಗಬೇಕು. ಆ ಸನ್ನದು ರದ್ದಾಗಬೇಕು. ಮಾರೋ ಮುದುಕಿಯ ಮೇಲೆ ಕೇಸ್ ಜಡಿದು ಕೈ ತೊಳಕೊಳ್ಳೋದಲ್ಲ. ಊರಾಗ ಅಂಗಡಿ ಬೇಕೋ ಬೇಡವೋ ಅನ್ನೋದನ್ನ ಗ್ರಾಮಸಭೆಯ ಹೆಣ್ಮಕ್ಕಳು ಹೇಳಬೇಕು.

ನಿಮ್ಮೂರಾಗ ಗ್ರಾಮಸಭೆ ಯಾವಾಗ ಐತಿ ಕೇಳಿ. ಖಾಲಿ ಪಾಕೀಟು ಆರಿಸಿಕೊಂಡು ಹೋಗಿ ಮೇಜಿನ ಮೇಲೆ ಸುರೀರಿ. ಎಣಿಸಲಿ.

ಜೈ ಭೀಮ್.