ಬೆಟ್ಟದ ಮೇಲಿನ ಹುಲ್ಲು, ಕಾಲುವೆಗೆ ಬರುವ ನೀರು

ಪಿಎಪಿ ಕಾಲುವೆಗೆ ನೀರು ಬಿಡುವ ಸರದಿ ಹತ್ತಿರ ಬಂತೆಂದರೆ ಪೊಳ್ಳಾಚಿ, ಉಡುಮಲೈ, ಪಲ್ಲಡಂ ಕಡೆಯ ಟೀ ಅಂಗಡಿಗಳಲ್ಲಿ ಮಾತು ಒಂದೇ. ಡ್ಯಾಂನಲ್ಲಿ ಎಷ್ಟು ಅಡಿ ಇದೆ? ನಮ್ಮ ಮಂಡಲಕ್ಕೆ ಎಷ್ಟು ಸುತ್ತು ಬಿಡುತ್ತಾರೆ? ಕೇರಳದವರು ಏನಂತಾರೆ? ಪರಂಬಿಕುಳಂ-ಆಳಿಯಾರ್ ಯೋಜನೆಯ ಆಯಕಟ್ಟು ಸುಮಾರು 4 ಲಕ್ಷ ಎಕರೆ. ತಿರುಮೂರ್ತಿ ಡ್ಯಾಂನ ಕೆಳಗಿನ ಜಮೀನನ್ನು ನಾಲ್ಕು ಮಂಡಲವಾಗಿ ಹಂಚಿ ಸರದಿಯ ಮೇಲೆ ನೀರು ಕೊಡುವುದರಿಂದ ಒಂದು ಸರದಿ ತಪ್ಪಿದರೆ ರೈತನ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಈ ಮಾತು ಸಹಜ.

ಇದಕ್ಕೆ ಉತ್ತರವಾಗಿ ಕೇಳಿಬರುವ ಬೇಡಿಕೆಯೂ ಹಳೆಯದೇ. ಆನೈಮಲೈಯಾರ್-ನಲ್ಲಾರ್ ಯೋಜನೆ ಆಗಬೇಕು, ಇನ್ನೊಂದು ಸುರಂಗ ಕೊರೆಯಬೇಕು, ಇನ್ನಷ್ಟು ನೀರು ಈ ಕಡೆ ತಿರುಗಬೇಕು. 2019ರ ಸೆಪ್ಟೆಂಬರ್‌ನಲ್ಲಿ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ತಿರುವನಂತಪುರದಲ್ಲಿ ಕುಳಿತು ಮಾತಾಡಿದಾಗಲೂ ಚರ್ಚೆ ಒಪ್ಪಂದ, ಟಿಎಂಸಿ, ಸಮಿತಿ ಇವುಗಳ ಸುತ್ತಲೇ ನಡೆಯಿತು. ಆದರೆ ಈ ಭಾಗದ ನದಿಗಳ ನೀರು ಹುಟ್ಟುವ ಜಾಗ, ಅಂದರೆ ವಾಲ್ಪಾರೈ ಮೇಲಿನ ಹುಲ್ಲುಗುಡ್ಡಗಳು, ಮುಕುರ್ತಿ, ಪಳನಿ ಬೆಟ್ಟದ ನೆತ್ತಿ ಈಗ ಹೇಗಿವೆ ಎಂದು ಕೇಳುವವರು ಕಡಿಮೆ. ವಿಜ್ಞಾನಿಗಳು ಮೂವತ್ತು ನಲವತ್ತು ವರ್ಷಗಳಿಂದ ಅದನ್ನೇ ಕೇಳುತ್ತಾ ಬಂದಿದ್ದಾರೆ. ಅವರ ಉತ್ತರ ಇಂಗ್ಲಿಷ್ ಪತ್ರಿಕೆಗಳಲ್ಲಿ ಉಳಿದಿದೆ, ನಮ್ಮ ಕಾಲುವೆ ದಡಕ್ಕೆ ಬಂದಿಲ್ಲ.

ಸುಮಾರು ಆರು ಸಾವಿರ ಅಡಿಗಿಂತ ಮೇಲೆ ಹೋದರೆ ನಮ್ಮ ಬೆಟ್ಟಗಳ ರೂಪವೇ ಬೇರೆ. ಇಳಿಜಾರಿನ ತುಂಬಾ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕುಳ್ಳಗಿನ ದಟ್ಟ ಕಾಡು. ತಮಿಳಿನಲ್ಲಿ ಸೋಲೈ, ಕನ್ನಡದಲ್ಲಿ ಶೋಲಾ. ದೂರದಿಂದ ನೋಡಿದವರಿಗೆ ಯಾರೋ ಮರ ಕಡಿದು ಗುಡ್ಡ ಬೋಳು ಮಾಡಿದ ಹಾಗೆ ಕಾಣುತ್ತದೆ. ಬ್ರಿಟಿಷರಿಗೂ ಹಾಗೇ ಕಂಡಿತು, ಸ್ವಾತಂತ್ರ್ಯದ ನಂತರ ಬಂದ ಅಧಿಕಾರಿಗಳಿಗೂ ಹಾಗೇ ಕಂಡಿತು. 'ಬೋಳು' ಜಾಗ ಕಂಡಲ್ಲೆಲ್ಲ ಆಸ್ಟ್ರೇಲಿಯಾದ ಯೂಕಲಿಪ್ಟಸ್, ವಾಟಲ್ ಮರ ನೆಟ್ಟರು. ಕನ್ನಡದಲ್ಲಿ ಯೂಕಲಿಪ್ಟಸ್‌ಗೆ ಹೆಸರೇ ನೀಲಗಿರಿ ಮರ! ಬೇರೆ ಖಂಡದಿಂದ ಬಂದ ಮರ ನಮ್ಮ ಬೆಟ್ಟದ ಹೆಸರನ್ನೇ ತನ್ನದಾಗಿ ಮಾಡಿಕೊಂಡುಬಿಟ್ಟಿದೆ. ಆ ಮರಕ್ಕೆ ಗಿರಾಕಿಯೂ ಇಲ್ಲೇ ಇತ್ತು. ಮೇಟ್ಟುಪ್ಪಾಳಯಂ ಪಕ್ಕದ ಸಿರುಮುಗೈಯಲ್ಲಿದ್ದ ವಿಸ್ಕೋಸ್ ಕಾರ್ಖಾನೆ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುತ್ತಿದ್ದುದು ಬೆಟ್ಟದ ಈ ಮರಗಳಿಂದ. ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯಿತು. ಮರಗಳು ಮಾತ್ರ ಹೋಗಲಿಲ್ಲ.

ಹಾಗಾದರೆ ಆ ಹುಲ್ಲು ನಿಜವಾಗಿಯೂ ಮನುಷ್ಯ ಮರ ಕಡಿದಿದ್ದರಿಂದ ಬಂದದ್ದೇ? ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1993ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ತಗ್ಗುಗಳಲ್ಲಿ ಸಾವಿರಾರು ವರ್ಷಗಳಿಂದ ಕೊಳೆತು ಪದರ ಪದರವಾಗಿ ಕೂತ ಕಪ್ಪು ಮಣ್ಣನ್ನು ತೆಗೆದು ಪರೀಕ್ಷಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಹಿಡಿದ ದಾರಿ ರೈತರಿಗೆ ಸುಲಭವಾಗಿ ತಿಳಿಯುವಂಥದ್ದು. ಗಿಡಗಳಲ್ಲಿ ಗಾಳಿಯ ಇಂಗಾಲವನ್ನು ಹಿಡಿಯುವ ಎರಡು ಮುಖ್ಯ ವಿಧಾನಗಳಿವೆ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಒಂದು ಗುಂಪು. ಭತ್ತ, ಹತ್ತಿ, ತೆಂಗು, ಬಾಳೆ ಮತ್ತು ಹೆಚ್ಚುಕಡಿಮೆ ಎಲ್ಲ ಮರಗಳು ಇನ್ನೊಂದು ಗುಂಪು. ಒಣಹವೆಯನ್ನು ತಡೆಯುವ ಅನೇಕ ಹುಲ್ಲುಗಳು ಮೊದಲ ಗುಂಪಿಗೆ ಸೇರಿದವು. ಈ ಎರಡು ಗುಂಪುಗಳಲ್ಲಿ ಇಂಗಾಲದ ತೂಕದ ಗುರುತು ಬೇರೆ ಬೇರೆ. ಗಿಡ ಸತ್ತು ಕೊಳೆತರೂ ಆ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ಪದರಗಳ ವಯಸ್ಸು ಕಂಡುಹಿಡಿದು ಗುರುತನ್ನು ಓದಿದರೆ ಯಾವ ಕಾಲದಲ್ಲಿ ಅಲ್ಲಿ ಹುಲ್ಲಿತ್ತು, ಯಾವ ಕಾಲದಲ್ಲಿ ಮರವಿತ್ತು ಎಂಬ ಲೆಕ್ಕ ಸಿಗುತ್ತದೆ.

ಸಿಕ್ಕ ಲೆಕ್ಕ ಹೀಗಿದೆ. ಸುಮಾರು 20,000ದಿಂದ 16,000 ವರ್ಷಗಳ ಹಿಂದೆ, ಲೋಕವೆಲ್ಲ ಹಿಮಯುಗದ ಚಳಿಯಲ್ಲಿದ್ದಾಗ ಇಲ್ಲಿ ಮುಂಗಾರು ಸೊರಗಿತ್ತು, ಬೆಟ್ಟದ ಮೇಲೆ ಹುಲ್ಲು ಹರಡಿತ್ತು. ಸುಮಾರು 11,000 ವರ್ಷಗಳ ಹಿಂದೆ ಮುಂಗಾರು ಜೋರಾಯಿತು, ಕಾಡು ಮುಂದೆ ಬಂತು. ಆಮೇಲೆ ಮತ್ತೆ ಒಣ ಕಾಲ, ಮತ್ತೆ ಹುಲ್ಲು. 1997ರಲ್ಲಿ ಇದೇ ಅಧ್ಯಯನವನ್ನು 40,000 ವರ್ಷಗಳ ಹಿಂದಕ್ಕೂ ವಿಸ್ತರಿಸಿದರು. ಹುಲ್ಲೂ ಕಾಡೂ ಹಾವು-ಏಣಿ ಆಟದ ಹಾಗೆ ಮೇಲೆ ಕೆಳಗೆ ಆಡಿವೆ, ಆಡಿಸಿದ್ದು ಮಳೆ. ಕೊಡಲಿ ಹಿಡಿದ ಮನುಷ್ಯ ಬರುವುದಕ್ಕೂ ಎಷ್ಟೋ ಮುಂಚೆ ಅಲ್ಲಿ ಹುಲ್ಲಿತ್ತು. ಅದನ್ನು ಬಂಜರು ಎಂದು ಬರೆದವರು ಬೆಟ್ಟವನ್ನು ಓದಲೇ ಇಲ್ಲ ಎನ್ನಬೇಕಾಗುತ್ತದೆ.

ಹವಾಮಾನದ ಮಾತು ಬಂದಾಗಲೆಲ್ಲ ಯಾರಾದರೂ ಜ್ವಾಲಾಮುಖಿಯನ್ನು ತರುತ್ತಾರೆ. ಬಿಸಿಯಾಗುತ್ತಿರುವುದಕ್ಕೆ ಅದೇ ಕಾರಣ, ಮನುಷ್ಯನ ಪಾಲು ಏನೂ ಇಲ್ಲ ಎಂದು ವಾದ. ಮೊದಲು ನಮ್ಮ ಬೆಟ್ಟದ ವಿಷಯ. ಆನೈಮಲೈಯಾಗಲಿ ನೀಲಗಿರಿಯಾಗಲಿ ಜ್ವಾಲಾಮುಖಿಯಲ್ಲ. ಅವು ಚಾರ್ನೊಕೈಟ್ ಎಂಬ ಬಹಳ ಹಳೆಯ ಗಟ್ಟಿ ಕಲ್ಲಿನ ಬೆಟ್ಟಗಳು. ಕಪ್ಪು ಮಣ್ಣು ಎಂದರೆ ಲಾವಾದಿಂದ ಬಂದದ್ದು ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಅದು ಮಹಾರಾಷ್ಟ್ರಕ್ಕೆ, ಉತ್ತರ ಕರ್ನಾಟಕಕ್ಕೆ ಸರಿ. ನಮ್ಮ ಕಡೆಯ ಕರಿಮಣ್ಣು ಇಲ್ಲಿನ ಹಳೆಯ ಕಲ್ಲೇ ಕರಗಿ ಆದದ್ದು.

ದೂರದ ಜ್ವಾಲಾಮುಖಿಯ ಬೂದಿ ಮಾತ್ರ ದಕ್ಷಿಣ ಭಾರತದ ಮೇಲೆ ಬಿದ್ದಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ಹಾರಿದ ಬೂದಿಯ ದಪ್ಪ ಪದರ ಆಂಧ್ರದ ಜ್ವಾಲಾಪುರಂನಲ್ಲಿ ಇಂದಿಗೂ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡ ಆ ಪದರದ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳನ್ನು ಕಂಡದ್ದನ್ನು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿತು. ಅಷ್ಟು ದೊಡ್ಡ ಸಿಡಿತದ ನಂತರವೂ ಮನುಷ್ಯ ಇಲ್ಲಿ ಬದುಕು ಮುಂದುವರಿಸಿದ್ದ ಎಂಬುದು ಅವರ ವಾದ. ನೀಲಗಿರಿಯ ಕಪ್ಪು ಮಣ್ಣು ಟೋಬಾದಷ್ಟು ಹಿಂದಕ್ಕೆ ಹೋಗುವುದಿಲ್ಲ, ಹಾಗಾಗಿ ಬೂದಿ ಬಿದ್ದಾಗ ನಮ್ಮ ಹುಲ್ಲಿಗೆ ಏನಾಯಿತೆಂದು ಅದನ್ನು ಕೇಳುವಂತಿಲ್ಲ.

ಇನ್ನು ಬಿಸಿಯ ಮಾತು. ದೊಡ್ಡ ಜ್ವಾಲಾಮುಖಿ ಸಿಡಿದರೆ ಸಾಮಾನ್ಯವಾಗಿ ಆಗುವುದು ತಂಪು. ಗಂಧಕದ ಹನಿಗಳು ಮೇಲೆ ಹರಡಿ ಬಿಸಿಲನ್ನು ತಡೆಯುತ್ತವೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದ ಮೇಲೆ ಭೂಮಿಯ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು, ಒಂದೆರಡು ವರ್ಷದಲ್ಲಿ ಮತ್ತೆ ಏರಿತು. ಜ್ವಾಲಾಮುಖಿಗಳು ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ ಮನುಷ್ಯ ಉಗುಳುವುದರ ನೂರರಲ್ಲಿ ಒಂದು ಪಾಲೂ ಇಲ್ಲ. ಈ ವಾದವನ್ನು ಇಲ್ಲಿಗೆ ಬಿಡಬಹುದು.

ಈಗ ನೀರಿಗೆ ಬರೋಣ. ಊಟಿಯ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ನೀಲಗಿರಿಯ ಗ್ಲೆನ್‌ಮಾರ್ಗನ್‌ನಲ್ಲಿ ಅಕ್ಕಪಕ್ಕದ ಎರಡು ಸಣ್ಣ ಕಣಿವೆಗಳನ್ನು ಆರಿಸಿಕೊಂಡರು. ಒಂದರಲ್ಲಿ ಹುಲ್ಲು, ಶೋಲಾ ಇದ್ದ ಹಾಗೇ ಬಿಟ್ಟರು. ಇನ್ನೊಂದರ ಸುಮಾರು 59 ಭಾಗಕ್ಕೆ, ನೂರಕ್ಕೆ, 1972ರಲ್ಲಿ ಯೂಕಲಿಪ್ಟಸ್ ನೆಟ್ಟರು. ಎರಡರಿಂದಲೂ ಹರಿದುಬರುವ ನೀರನ್ನು ವರ್ಷಗಟ್ಟಲೆ ಅಳೆದರು. ಮೊದಲ ಹತ್ತು ವರ್ಷದ ಬೆಳೆಯಲ್ಲಿ ಒಟ್ಟು ನೀರು ಶೇಕಡ 16 ಕಡಿಮೆ. ಕಡಿದ ಬುಡದಿಂದ ಚಿಗುರಿದ ಎರಡನೇ ಬೆಳೆಯಲ್ಲಿ ನಷ್ಟ ಇನ್ನೂ ಹೆಚ್ಚು. ಅದಕ್ಕಿಂತ ಮುಖ್ಯ, ಮಳೆಯಿಲ್ಲದ ತಿಂಗಳುಗಳ ಸಣ್ಣ ಹರಿವಿನ ಸೂಚ್ಯಂಕ ಮೊದಲ ಬೆಳೆಯಲ್ಲಿ ಅರ್ಧಕ್ಕೆ ಇಳಿಯಿತು, ಎರಡನೆಯದರಲ್ಲಿ 3.75 ಪಟ್ಟು ಕುಸಿಯಿತು. ಅಂದರೆ ಹತ್ತಿರ ಹತ್ತಿರ ಕಾಲು ಭಾಗ.

ಕಾರಣ ಸರಳ. ಹುಲ್ಲಿನ ಬೇರು ಮೇಲಿನ ಮಣ್ಣಿನಲ್ಲೇ ಇರುತ್ತದೆ, ಬೇಸಿಗೆಯಲ್ಲಿ ಒಣಗಿ ಸುಮ್ಮನಾಗುತ್ತದೆ. ಮಳೆಗಾಲದಲ್ಲಿ ಇಳಿದ ನೀರು ಕೆಳಗೆ ಕೂತು ಜೌಗಿನ ಮೂಲಕ ಮೆಲ್ಲಗೆ ತೊರೆಗೆ ಬರುತ್ತದೆ. ಯೂಕಲಿಪ್ಟಸ್ ಸುಮ್ಮನಾಗುವುದಿಲ್ಲ, ಆಳದಿಂದ ಎಳೆಯುತ್ತಲೇ ಇರುತ್ತದೆ. ಅದು ಒಂದು ಸಣ್ಣ ಕಣಿವೆಯ ಲೆಕ್ಕ, ಅದನ್ನು ನೇರವಾಗಿ ಗುಣಿಸಿ ಭವಾನಿಸಾಗರಕ್ಕೋ ಅಮರಾವತಿಗೋ ಇಷ್ಟು ಟಿಎಂಸಿ ನಷ್ಟ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ನಷ್ಟ ಯಾವ ತಿಂಗಳಿನಲ್ಲಿ ಬೀಳುತ್ತದೆ ಎಂಬುದು ಸ್ಪಷ್ಟ. ತೆಂಗಿಗೆ ನೀರು ಬೇಕೇಬೇಕಾದ ತಿಂಗಳುಗಳಲ್ಲೇ. 2016ರಲ್ಲಿ ಹಿಂಗಾರು ಕೈಕೊಟ್ಟು 2017ರ ಬೇಸಿಗೆಯಲ್ಲಿ ತೆಂಗಿನ ತೋಟಗಳು ಸೊರಗಿದ್ದನ್ನು ಈ ಭಾಗದವರಿಗೆ ಯಾರೂ ನೆನಪಿಸಬೇಕಾಗಿಲ್ಲ.

ಎಷ್ಟು ಹುಲ್ಲು ಹೋಗಿದೆ? ಅಮರಾವತಿ ಡ್ಯಾಂನ ಮೇಲ್ಭಾಗ ಇರುವುದು ಆನೈಮಲೈ ಮತ್ತು ಪಳನಿ ಬೆಟ್ಟಗಳ ನಡುವೆ. ಆ ಪಳನಿ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ ತಿರುಪತಿಯ ಐಸರ್ ಸಂಸ್ಥೆಯ ವಿ.ವಿ. ರಾಬಿನ್ ಮತ್ತಿತರರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನಾಲ್ಕು ದಶಕಗಳಲ್ಲಿ ಮೂರರಲ್ಲಿ ಎರಡು ಭಾಗ ಹುಲ್ಲುಗಾವಲು ಹೋಗಿದೆ. ನುಂಗಿದ್ದು ನೆಡುತೋಪು ಮತ್ತು ಬೇಸಾಯ. ಆನೈಮಲೈಯ ಗ್ರಾಸ್ ಹಿಲ್ಸ್ ಪರಿಸ್ಥಿತಿ ಇದಕ್ಕಿಂತ ಎಷ್ಟೋ ಮೇಲು. ವರೈಯಾಡು ಇನ್ನೂ ಅಲ್ಲಿ ದೊಡ್ಡ ಹಿಂಡಾಗಿ ಉಳಿದಿರುವುದೂ ಅದಕ್ಕೇ. ತಮಿಳುನಾಡಿನಲ್ಲಿ 2024ರ ಎಣಿಕೆಯಲ್ಲಿ 1,031 ಇದ್ದ ವರೈಯಾಡು 2025ರ ಎಣಿಕೆಯಲ್ಲಿ 1,303 ಆಯಿತು. ಎಲ್ಲವೂ ಒಂದೇ ವರ್ಷದಲ್ಲಿ ಹುಟ್ಟಿದ ಮರಿಗಳೆಂದು ತಿಳಿಯಬಾರದು, ಹೆಚ್ಚು ಹುಡುಕಿದರೆ ಹೆಚ್ಚು ಸಿಗುತ್ತವೆ. ಆದರೂ ಒಳ್ಳೆಯ ಸುದ್ದಿ.

ನೆಟ್ಟ ಮರ ನೆಟ್ಟಲ್ಲೇ ನಿಂತಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ವಾಟಲ್ ತಾನೇ ಹರಡುತ್ತಿದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಅತುಲ್ ಜೋಶಿ, ಜಯಶ್ರೀ ರತ್ನಂ, ಮಹೇಶ್ ಶಂಕರನ್ ಅವರು 2020ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ಗುಟ್ಟನ್ನು ಬಿಚ್ಚಿಡುತ್ತದೆ. ಶೋಲಾ ಮರದ ಸಸಿಗಳನ್ನು ಹುಲ್ಲಿನಲ್ಲಿ ನೆಟ್ಟರೆ ಚಳಿಗಾಲದ ಇಬ್ಬನಿಗಡ್ಡೆ, ಊಟಿಯವರು ಹೇಳುವ ಫ್ರಾಸ್ಟ್, ಅವುಗಳನ್ನು ಸುಟ್ಟುಹಾಕುತ್ತದೆ. ಹುಲ್ಲು ಹುಲ್ಲಾಗಿಯೇ ಉಳಿದಿರುವುದು ಹೀಗೆ. ವಾಟಲ್ ಸಸಿಗಳು ಈ ಚಳಿಯನ್ನು ಹೆಚ್ಚು ತಡೆದುಕೊಳ್ಳುತ್ತವೆ. ರಾತ್ರಿಗಳು ಬೆಚ್ಚಗಾದಷ್ಟೂ ಹುಲ್ಲಿನ ಕಾವಲುಗಾರನಾದ ಚಳಿ ಸೋಲುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗುವುದೂ ರಾಗಿ-ಜೋಳದ ಗುಂಪಿಗಿಂತ ಮರಗಳ ಗುಂಪಿಗೇ ಹೆಚ್ಚು ಲಾಭ. ಸಾವಿರಾರು ವರ್ಷ ಹಾವು-ಏಣಿ ಆಡಿದ ಜಾಗದಲ್ಲಿ ಈಗ ಮೂರನೆಯವನೊಬ್ಬ ಬಂದು ಪಟವನ್ನೇ ಎತ್ತಿಕೊಂಡು ಹೋಗುತ್ತಿದ್ದಾನೆ.

ಮಳೆಯೂ ಮೊದಲಿನ ಹಾಗೆ ಬೀಳುತ್ತಿಲ್ಲ. 2019ರ ಆಗಸ್ಟ್‌ನಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರ್‌ಗೂ ಹೆಚ್ಚು ಸುರಿಯಿತು. ಕೊಯಮತ್ತೂರಿನಲ್ಲಿ ಇಡೀ ವರ್ಷಕ್ಕೂ ಅಷ್ಟು ಬೀಳುವುದು ಅಪರೂಪ. 2020ರ ಆಗಸ್ಟ್‌ನಲ್ಲಿ ಮೂನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು 70 ಜನ ಹೋದರು, ಬಹುತೇಕರು ತಮಿಳು ಟೀ ತೋಟದ ಕೆಲಸಗಾರರ ಮನೆಯವರು. 2024ರ ಜುಲೈ 30ರಂದು ವಯನಾಡಿನಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡ ಭೂಕುಸಿತದ ದಿನವೇ ವಾಲ್ಪಾರೈಯ ಶೋಲೈಯಾರ್ ಭಾಗದಲ್ಲೂ ಮಣ್ಣು ಕುಸಿದು ಅಜ್ಜಿ, ಮೊಮ್ಮಗಳು ತೀರಿಕೊಂಡರು. ಹವಾಮಾನ ಬದಲಾವಣೆಯಿಂದ ವಯನಾಡಿನ ಆ ಮಳೆ ಸುಮಾರು ಶೇಕಡ 10ರಷ್ಟು ಜೋರಾಗಿತ್ತೆಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ವಿಜ್ಞಾನಿಗಳು ಲೆಕ್ಕ ಹಾಕಿದರು. ಇಂಥ ಮಳೆಯನ್ನು ಯಾವ ಹುಲ್ಲೂ ಯಾವ ಕಾಡೂ ಪೂರ್ತಿ ಹಿಡಿಯಲಾರದು, ಅದನ್ನು ಮುಚ್ಚಿಡಬೇಕಾಗಿಲ್ಲ.

ಹಾಗಾದರೆ ವಾಟಲ್ ಎಲ್ಲವನ್ನೂ ಕಡಿದುಹಾಕೋಣವೇ? ಅವಸರ ಬೇಡ ಎನ್ನುತ್ತಾರೆ ಕೆಲಸ ಮಾಡಿದವರು. ವಾಟಲ್ ಬೀಜ ಮಣ್ಣಿನಲ್ಲಿ ಎಷ್ಟೋ ವರ್ಷ ಮಲಗಿರುತ್ತದೆ. ಕಡಿದು ಬಿಸಿಲು ಬಿಟ್ಟರೆ ಮೊದಲಿಗಿಂತ ದಟ್ಟವಾಗಿ ಎದ್ದುಬರುತ್ತದೆ. ಹಳೆಯ ನೆಡುತೋಪಿನ ನೆರಳಲ್ಲಿ ಕೆಲವೆಡೆ ಶೋಲಾ ಸಸಿಗಳು ತಾವಾಗಿಯೇ ಬೆಳೆಯುತ್ತಿವೆ, ಅವನ್ನು ಕೆಡಿಸುವುದೂ ನಷ್ಟವೇ. ಉಳಿದ ಹುಲ್ಲಿನ ಅಂಚಿನಲ್ಲಿ ಹೊಸದಾಗಿ ನುಗ್ಗುತ್ತಿರುವ ಸಸಿಗಳನ್ನು ಪ್ರತಿವರ್ಷ ಕೀಳುವುದು ಕಡಿಮೆ ಖರ್ಚಿನ ದಾರಿ. ಮಳೆಕಾಡಿನ ವಿಷಯದಲ್ಲಿ ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ವಾಲ್ಪಾರೈಯ ಟೀ ತೋಟಗಳ ನಡುವಿನ ಕಾಡಿನ ತುಂಡುಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಊರ ಮರಗಳನ್ನೇ ನೆಟ್ಟು ಬೆಳೆಸಿದೆ. ಅಲ್ಲಿನ ಸಂಶೋಧಕರ 2020ರ ಅಧ್ಯಯನದ ಪ್ರಕಾರ ತೇಗ, ಯೂಕಲಿಪ್ಟಸ್ ತೋಪುಗಳು ಇಂಗಾಲವನ್ನು ಕಾಡಿನಷ್ಟೇ ಹಿಡಿಯಬಲ್ಲವು, ಆದರೆ ಬರ ಬಂದಾಗ ಹಲವು ಜಾತಿಯ ಮರಗಳ ಕಾಡಿನಷ್ಟು ನೆಚ್ಚಿಕೆಯಿಂದ ಹಿಡಿಯಲಾರವು.

ತಮಿಳುನಾಡು ಸರ್ಕಾರ ಪರಕೀಯ ಗಿಡಗಳ ಬಗ್ಗೆ 2022ರಲ್ಲಿ ನೀತಿಯನ್ನೂ ಹೊರಡಿಸಿತು. ನೀತಿ ಇದ್ದರೂ ಲೆಕ್ಕ ಕೇಳುವವರು ಬೇಕು. ಸಸಿ ನೆಟ್ಟ ಸಂಖ್ಯೆಯನ್ನು ಎಲ್ಲರೂ ಫ್ಲೆಕ್ಸ್ ಹಾಕಿಸಿ ಹೇಳುತ್ತಾರೆ. ಎಷ್ಟು ಹೆಕ್ಟೇರ್ ಹುಲ್ಲು ಉಳಿಯಿತೆಂದು ಫ್ಲೆಕ್ಸ್ ಹಾಕಿದ್ದನ್ನು ಈ ಲೇಖಕ ಕಂಡಿಲ್ಲ. ಪಿಎಪಿ ನೀರು ಬಳಕೆದಾರರ ಸಂಘಗಳು ಡ್ಯಾಂನ ಅಡಿ ಲೆಕ್ಕ ಕೇಳುವ ಸಭೆಯಲ್ಲೇ ಮೇಲಿನ ಹುಲ್ಲಿನ ಲೆಕ್ಕವನ್ನೂ ಅರಣ್ಯ ಇಲಾಖೆಯಿಂದ ಕೇಳಬಹುದು. ಸುರಂಗಕ್ಕೆ ಎರಡು ರಾಜ್ಯದ ಒಪ್ಪಿಗೆ ಬೇಕು, ಇದಕ್ಕೆ ಬೇಡ.

ಅತ್ತಿಕಡವು-ಅವಿನಾಶಿ ಯೋಜನೆಯ ಕಡೆಯವರಿಗೂ ಇದು ಸಂಬಂಧಪಟ್ಟ ವಿಷಯ. 2024ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಆ ಯೋಜನೆ ಕಾಳಿಂಗರಾಯನ್ ಅಣೆಕಟ್ಟೆಯ ಬಳಿಯಿಂದ ಭವಾನಿಯ 1.5 ಟಿಎಂಸಿ ನೀರನ್ನೆತ್ತಿ 1,045 ಕೆರೆ-ಕುಂಟೆಗಳಿಗೆ ತುಂಬಿಸಬೇಕು. ಎತ್ತುವುದು ಹೆಚ್ಚುವರಿ ನೀರನ್ನು ಮಾತ್ರ. ಬೆಟ್ಟದಿಂದ ನೀರು ನಿಧಾನವಾಗಿ ಹಲವು ವಾರ ಬಂದರೆ ಪಂಪ್‌ಗೆ ಕೆಲಸವಿರುತ್ತದೆ. ಅದೇ ನೀರು ನಾಲ್ಕು ದಿನದ ಪ್ರವಾಹವಾಗಿ ಬಂದು ಹೋದರೆ ಪಂಪ್ ತನ್ನ ಶಕ್ತಿಗೆ ಮೀರಿ ಎತ್ತಲಾರದು. ಮುಂದಿನ ಹತ್ತು ಇಪ್ಪತ್ತು ವರ್ಷಗಳಲ್ಲಿ ಭವಾನಿಯಲ್ಲಿ ಹೆಚ್ಚುವರಿ ನೀರು ಸಿಗುವ ದಿನಗಳು ಎಷ್ಟಿರಬಹುದು, ಆ ಅಂದಾಜಿನಲ್ಲಿ ಮೇಲಿನ ಬೆಟ್ಟದ ಹುಲ್ಲು, ವಾಟಲ್ ಎರಡನ್ನೂ ಸೇರಿಸಿದ್ದಾರೆಯೇ ಎಂದು ಅನ್ನೂರು, ಅವಿನಾಶಿ ಭಾಗದ ಗ್ರಾಮಸಭೆಗಳು ಎಂಜಿನಿಯರುಗಳನ್ನು ಕೇಳಬೇಕು.